ಕತ್ತಲಲ್ಲಿ ಕಾಪಾಡಬೇಕಾದ ಬಣ್ಣಗಳು

(ಶತಮಾನೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಹಳೆ ವಿದ್ಯಾರ್ಥಿಗಳಿಬ್ಬರು ಸಿದ್ಧಪಡಿಸಿ ಓದಿದ ಉಪನ್ಯಾಸ)



ಈ ಮಾತು ಇಬ್ಬರದು, ದನಿ ಮಾತ್ರ ಒಬ್ಬರದು. ಎರಡು ವರ್ಷಗಳ ಅಂತರದಲ್ಲಿ ಈ ಶಾಲೆಯಲ್ಲಿ ಓದಿದ ನಾವಿಬ್ಬರು ಈಗ ದೂರದ ನಗರವೊಂದರ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಿದ್ದೇವೆ. ನಮ್ಮ ವಿಭಾಗಕ್ಕೆ ಬರುವವರೆಲ್ಲ ಮೊದಲು ಕೇಳುವ ಪ್ರಶ್ನೆ ಯಂತ್ರದ ಬೆಲೆಯದ್ದಲ್ಲ, ರೋಗದ್ದೂ ಅಲ್ಲ. "ಈ ಕೋಣೆಯಲ್ಲೇಕೆ ಇಷ್ಟು ಕತ್ತಲೆ?" ಎಂದೇ ಕೇಳುತ್ತಾರೆ. ಕಿಟಕಿಗೆ ದಪ್ಪನೆಯ ಪರದೆ, ಮೇಜಿನ ಮೇಲಿನ ದೀಪ ಆರಿದೆ, ಪ್ರನಾಳಗಳಿಗೆ ಅಲ್ಯುಮಿನಿಯಂ ಹಾಳೆ ಸುತ್ತಿದೆ. ಬೆಳಕಿನ ನೆರವಿನಿಂದಲೇ ರೋಗವನ್ನು ಕಾಣುವ ನಾವು ಬೆಳಕಿಗೆ ಹೆದರಿ ಬದುಕುವುದೇಕೆ ಎಂಬುದನ್ನೇ ಇಂದು ಹೇಳಬೇಕೆಂದಿದ್ದೇವೆ.

ನಮ್ಮ ಕೆಲಸದ ಹೆಸರು ಫ್ಲೋ ಸೈಟೊಮೆಟ್ರಿ. ಹೆಸರು ಗಡುಸಾಗಿದ್ದರೂ ಅರ್ಥ ಸರಳ: ಹರಿಯುವ ದ್ರವದಲ್ಲಿ ಜೀವಕೋಶಗಳನ್ನು ಅಳೆಯುವುದು. ರಕ್ತದ ಕೋಶಗಳು ಕೂದಲೆಳೆಯಂಥ ನೀರಿನ ಧಾರೆಯಲ್ಲಿ ಒಂದರ ಹಿಂದೆ ಒಂದಾಗಿ ಸಾಗುತ್ತವೆ. ಬೆಳಗಿನ ಪ್ರಾರ್ಥನೆಯ ನಂತರ ಮಕ್ಕಳು ಸಾಲಾಗಿ ತರಗತಿಗೆ ಹೋಗುವಂತೆ ಎಂದುಕೊಳ್ಳಿ. ಸಾಲಿಗೆ ಅಡ್ಡಲಾಗಿ ಒಂದು ಲೇಸರ್ ಕಿರಣವಿದೆ. ಪ್ರತಿಯೊಂದು ಕೋಶವೂ ಅದನ್ನು ದಾಟುವಾಗ ತನ್ನ ಗುರುತನ್ನು ಬೆಳಕಿನ ರೂಪದಲ್ಲಿ ಕೊಟ್ಟು ಹೋಗುತ್ತದೆ. ಸೆಕೆಂಡಿಗೆ ಸಾವಿರಾರು ಕೋಶಗಳು ಹೀಗೆ ಸಾಗುತ್ತವೆ. 1965ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಮ್ಯಾಕ್ ಫುಲ್ವೈಲರ್ ಕೋಶಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಯಂತ್ರವನ್ನು ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ಲಿಯೊನಾರ್ಡ್ ಹರ್ಜನ್‌ಬರ್ಗ್ ಮತ್ತು ಅವರ ಜೊತೆಗಾರರು ಮುಂದಿನ ಕೆಲವೇ ವರ್ಷಗಳಲ್ಲಿ ಅದಕ್ಕೆ ಬಣ್ಣದ ಬೆಳಕನ್ನು ಗುರುತಿಸುವ ಕಣ್ಣು ಕೊಟ್ಟರು.

ಆದರೆ ಕೋಶಕ್ಕೆ ತನ್ನದೇ ಬಣ್ಣವಿಲ್ಲ. ಬಿಳಿ ರಕ್ತಕಣಗಳೆಲ್ಲ ಮೇಲ್ನೋಟಕ್ಕೆ ಒಂದೇ ತರಹ. ಯಾವುದು ರೋಗದೊಡನೆ ಹೋರಾಡುವ ಕೋಶ, ಯಾವುದು ಹಾದಿ ತಪ್ಪಿ ಬೆಳೆದ ಕ್ಯಾನ್ಸರ್ ಕೋಶ ಎಂದು ತಿಳಿಯಬೇಕಾದರೆ ಅವುಗಳ ಮೈಮೇಲಿನ ಪ್ರೋಟೀನುಗಳನ್ನು ಗುರುತಿಸಬೇಕು. ಆ ಪ್ರೋಟೀನುಗಳಿಗೆ ಸಿಡಿ4, ಸಿಡಿ10, ಸಿಡಿ19 ಎಂದು ಸಂಖ್ಯೆಯ ಹೆಸರುಗಳಿವೆ. ಒಂದೊಂದು ಪ್ರೋಟೀನಿಗೂ ಹೋಗಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ತಯಾರಿಸಿ, ಅವುಗಳ ಬೆನ್ನಿಗೆ ಹೊಳೆಯುವ ಬಣ್ಣವೊಂದನ್ನು ಕಟ್ಟಿ ಬಿಡುತ್ತೇವೆ. 2004ರಲ್ಲಿ ನಮ್ಮ ದೇಶದಲ್ಲಿ ಎಚ್‌ಐವಿ ಸೋಂಕಿತರಿಗೆ ಸರಕಾರವೇ ಉಚಿತವಾಗಿ ಔಷಧಿ ಕೊಡಲು ಆರಂಭಿಸಿದಾಗ ಯಾರಿಗೆ ಔಷಧಿ ತಕ್ಷಣ ಬೇಕೆಂದು ನಿರ್ಧರಿಸಲು ನೋಡುತ್ತಿದ್ದ ಮುಖ್ಯ ಲೆಕ್ಕವೆಂದರೆ ಸಿಡಿ4 ಕೋಶಗಳದ್ದು. ಆ ಲೆಕ್ಕವನ್ನು ಹೇಳಿದ್ದೂ ಇಂಥ ಬಣ್ಣಗಳೇ.

ಈ ಬಣ್ಣಗಳು ಗೋಡೆಗೆ ಬಳಿಯುವ ಬಣ್ಣದಂಥವಲ್ಲ. ನಮ್ಮ ಪಠ್ಯಪುಸ್ತಕದಲ್ಲಿ 'ಪ್ರತಿದೀಪ್ತಿ' ಎಂಬ ಶಬ್ದವಿತ್ತು; ಪರೀಕ್ಷೆಗೆ ಬಾರದೆಂದು ನಾವು ಅದನ್ನು ಓದಿರಲಿಲ್ಲ, ಗುರುಗಳು ಕ್ಷಮಿಸಬೇಕು. ಒಂದು ಬಣ್ಣದ ಬೆಳಕನ್ನು ಕುಡಿದು, ಅದರಲ್ಲಿ ಒಂದಿಷ್ಟು ಶಕ್ತಿಯನ್ನು ಕಳೆದುಕೊಂಡು, ಉಳಿದುದನ್ನು ಬೇರೊಂದು ಬಣ್ಣದಲ್ಲಿ ಹಿಂದಕ್ಕೆ ಕೊಡುವ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಮಲೇರಿಯಾಕ್ಕೆ ಹಿಂದೆ ಕೊಡುತ್ತಿದ್ದ ಕಹಿ ಕ್ವಿನೈನ್ ಇಲ್ಲಿನ ಹಿರಿಯರಿಗೆ ನೆನಪಿರಬಹುದು. ಅದರ ದ್ರಾವಣದ ಮೇಲೆ ಬಿಸಿಲು ಬಿದ್ದಾಗ ಆಕಾಶನೀಲಿ ಹೊಳಪು ಮೂಡುವುದನ್ನು 1845ರಲ್ಲಿ ಜಾನ್ ಹರ್ಷೆಲ್ ವರ್ಣಿಸಿದರು. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಅದರ ಕಾರಣವನ್ನು ಬಿಡಿಸಿ ಹೇಳಿ, ಇಂಗ್ಲಿಷಿನಲ್ಲಿ ಈಗಲೂ ಬಳಕೆಯಲ್ಲಿರುವ ಹೆಸರನ್ನು ಇಟ್ಟರು. 1871ರಲ್ಲಿ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದ ಫ್ಲೋರೆಸೀನ್ ಇಂದಿಗೂ ನಮ್ಮ ಮೇಜಿನ ಮೇಲಿದೆ. ಕಣ್ಣಿನ ಆಸ್ಪತ್ರೆಯಲ್ಲಿ ಅಕ್ಷಿಪಟದ ಚಿತ್ರ ತೆಗೆಯುವ ಮುನ್ನ ತೋಳಿಗೆ ಚುಚ್ಚುವ ಹಳದಿ ಮದ್ದೂ ಅದೇ. 1940ರ ದಶಕದ ಆರಂಭದಲ್ಲಿ ಆಲ್ಬರ್ಟ್ ಕೂನ್ಸ್ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟುವ ವಿದ್ಯೆಯನ್ನು ಸಾಧಿಸಿದರು.

ಇಷ್ಟು ಹೇಳಿದ ಮೇಲೆ ನಮಗೆ ತೀರ ಪ್ರಿಯವಾದ ಒಂದು ಬಣ್ಣದ ಕುರಿತು ಸ್ವಲ್ಪ ನಿಧಾನವಾಗಿ ಹೇಳಬೇಕು. ಫೈಕೋಎರಿಥ್ರಿನ್ ಎಂದು ಅದರ ಹೆಸರು. ಕೆಲಸದ ನಡುವೆ ಬರೇ ಪಿಇ ಎನ್ನುತ್ತೇವೆ. ಇದನ್ನು ತೆಗೆಯುವುದು ಕೆಂಪು ಪಾಚಿಯಿಂದ. ಸಮುದ್ರದ ನೀರು ಬಿಸಿಲಿನ ಕೆಂಪು ಭಾಗವನ್ನು ಮೇಲೆಯೇ ಹೀರಿಕೊಳ್ಳುತ್ತದೆ. ಆಳಕ್ಕೆ ಇಳಿಯುವುದು ಹೆಚ್ಚಾಗಿ ಹಸಿರು, ನೀಲಿ ಬೆಳಕು. ಆ ಅರೆಬೆಳಕಿನಲ್ಲಿ ಅನ್ನ ಬೇಯಿಸಿಕೊಳ್ಳಬೇಕಾದ ಪಾಚಿಯು ಪಿಇಯನ್ನು ಬೊಗಸೆಯಾಗಿ ಒಡ್ಡಿ ಹಸಿರು ಬೆಳಕನ್ನು ಹಿಡಿಯುತ್ತದೆ, ಹಿಡಿದುದನ್ನು ಕೈಯಿಂದ ಕೈಗೆ ದಾಟಿಸಿ ಕೊನೆಗೆ ಪತ್ರಹರಿತ್ತಿಗೆ ಒಪ್ಪಿಸುತ್ತದೆ. ಪಾಚಿಯಿಂದ ಪಿಇಯನ್ನು ಬೇರ್ಪಡಿಸಿದರೆ ಹಿಡಿದ ಬೆಳಕನ್ನು ದಾಟಿಸಲು ಅದಕ್ಕೆ ಯಾರೂ ಇರುವುದಿಲ್ಲ. ಆಗ ಅದು ಉಜ್ಜ್ವಲವಾದ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಒಂದೊಂದು ಅಣುವಿನಲ್ಲೂ ಮೂವತ್ತಕ್ಕಿಂತ ಹೆಚ್ಚು ಬಣ್ಣದ ಎಳೆಗಳು. 1982ರಲ್ಲಿ ಓಯಿ, ಗ್ಲೇಜರ್ ಮತ್ತು ಸ್ಟ್ರೈಯರ್ ಎಂಬ ಮೂವರು ವಿಜ್ಞಾನಿಗಳು ಇದನ್ನು ಪ್ರತಿಕಾಯಕ್ಕೆ ಕಟ್ಟಬಹುದೆಂದು ತೋರಿಸಿಕೊಟ್ಟರು. ಮಂಕು ಬೆಳಕಿನಲ್ಲಿ ಬಾಳಲೆಂದು ರೂಪುಗೊಂಡ ಈ ವಸ್ತುವನ್ನು ಟ್ಯೂಬ್‌ಲೈಟಿನ ಕೆಳಗೆ, ಮಧ್ಯಾಹ್ನದ ಕಿಟಕಿಯ ಪಕ್ಕ ಇಟ್ಟರೆ ಏನಾಗಬಹುದು?

ಉತ್ತರಕ್ಕೆ ತಾಯಂದಿರಿಗೆಲ್ಲ ತಿಳಿದಿರುವ ಒಂದು ಸಂಗತಿಯನ್ನು ನೆನಪಿಸುತ್ತೇವೆ. ಹುಟ್ಟಿದ ಎರಡು-ಮೂರು ದಿನಗಳಲ್ಲಿ ಕೆಲವು ಶಿಶುಗಳ ಮೈ ಹಳದಿಯಾಗುತ್ತದೆ. ಆಸ್ಪತ್ರೆಯಲ್ಲಿ ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸುತ್ತಾರೆ. ಈ ಚಿಕಿತ್ಸೆಯ ಮೂಲ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯ ಅಂಗಳ. 1956ರ ಬೇಸಿಗೆಯಲ್ಲಿ ಅಲ್ಲಿನ ದಾದಿ ಜೀನ್ ವಾರ್ಡ್, ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಎಳೆಬಿಸಿಲಿಗೆ ಒಯ್ಯುತ್ತಿದ್ದರು. ಒಂದು ದಿನ ವೈದ್ಯರಿಗೆ ಒಂದು ಕೂಸನ್ನು ತೋರಿಸಿದರು: ಮೈಯ ಹಳದಿ ಇಳಿದಿದೆ, ಆದರೆ ಬಟ್ಟೆಯ ತುದಿ ಮುಚ್ಚಿದ್ದ ಜಾಗದಲ್ಲಿ ತ್ರಿಕೋನಾಕಾರದ ಗಾಢ ಹಳದಿ ಹಾಗೆಯೇ ಉಳಿದಿದೆ! ಕೆಲವು ವಾರಗಳ ನಂತರ ಇನ್ನೊಂದು ಆಕಸ್ಮಿಕ. ಕಾಮಾಲೆಯ ಮಗುವಿನ ರಕ್ತದ ಪ್ರನಾಳವೊಂದು ಬಿಸಿಲು ಬೀಳುವ ಕಿಟಕಿಯ ಹಲಗೆಯ ಮೇಲೆ ಮರೆತು ಉಳಿಯಿತು. ಅಳೆದಾಗ ಬಿಲಿರೂಬಿನ್ ಎಂಬ ಹಳದಿ ದ್ರವ್ಯದ ಪ್ರಮಾಣ ನಿರೀಕ್ಷೆಗಿಂತ ಬಹಳ ಕಡಿಮೆ ಬಂತು. ಡಾಕ್ಟರ್ ಕ್ರೆಮರ್ ಮತ್ತು ಸಂಗಡಿಗರು ಇವೆರಡನ್ನೂ ಜೋಡಿಸಿ ನೋಡಿ 1958ರಲ್ಲಿ ಬೆಳಕಿನ ಚಿಕಿತ್ಸೆಯನ್ನು ಲೋಕದ ಮುಂದಿಟ್ಟರು.

ಈ ಕಥೆಯನ್ನು ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಪಿಇಯೊಳಗಿನ ಬಣ್ಣದ ಎಳೆಗಳೂ ಕೂಸಿನ ಮೈಯ ಬಿಲಿರೂಬಿನ್ನೂ ಒಂದೇ ಮನೆತನದವು. ರಕ್ತಕ್ಕೆ ಕೆಂಪು ಕೊಡುವ ಹೀಮ್ ಎಂಬ ಉಂಗುರವನ್ನು ಬಿಚ್ಚಿ ನೀಳವಾಗಿಸಿದರೆ ಈ ಎರಡು ಬಗೆಯ ಬಣ್ಣಗಳೂ ಹುಟ್ಟುತ್ತವೆ. ಬೆಳಕು ಬಿಲಿರೂಬಿನ್ನಿನ ಆಕಾರವನ್ನು ತಿರುಚಿ ಅದು ದೇಹದಿಂದ ಹೊರಗೆ ಹೋಗುವಂತೆ ಮಾಡುತ್ತದೆ. ಅದು ಮಗುವಿಗೆ ಉಪಕಾರ. ನಮ್ಮ ಬಣ್ಣದಲ್ಲಿ ಬೆಳಕಿನ ಕೆಲಸ ಬೇರೆ ತೆರನದು, ಹೆಚ್ಚು ನಿಷ್ಠುರವಾದುದು. ಬೆಳಕನ್ನು ಕುಡಿದ ಅಣು ಸಾಮಾನ್ಯವಾಗಿ ಕ್ಷಣಾರ್ಧದಲ್ಲಿ ಅದನ್ನು ಹಿಂದಕ್ಕೆ ಕೊಟ್ಟು ತಣ್ಣಗಾಗುತ್ತದೆ. ಆದರೆ ಅಪರೂಪಕ್ಕೊಮ್ಮೆ ಕೊಡಲಾರದೆ ಸಿಕ್ಕಿಕೊಳ್ಳುತ್ತದೆ. ಹಾಗೆ ಕೆರಳಿ ನಿಂತ ಹೊತ್ತಿನಲ್ಲಿ ಆಮ್ಲಜನಕ ಹತ್ತಿರ ಬಂದರೆ ಆ ಶಕ್ತಿಯೆಲ್ಲ ಅದಕ್ಕೆ ವರ್ಗವಾಗಿ, ಆಮ್ಲಜನಕವು ತನಗೆ ಶಕ್ತಿ ಕೊಟ್ಟ ಅಣುವನ್ನೇ ಕಚ್ಚುತ್ತದೆ. ಒಮ್ಮೆ ಮುರಿದ ಅಣು ಮತ್ತೆ ಹೊಳೆಯುವುದಿಲ್ಲ. ಮ್ಯೂನಿಕ್‌ನಲ್ಲಿ ಓಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ ಆಕ್ರಿಡಿನ್ ಎಂಬ ಬಣ್ಣ ಬೆರೆಸಿದ ನೀರಿನಲ್ಲಿ ಪ್ಯಾರಮೀಸಿಯಂಗಳನ್ನು ಇಟ್ಟು ಎಷ್ಟು ಹೊತ್ತಿಗೆ ಸಾಯುತ್ತವೆ ಎಂದು ನೋಡುತ್ತಿದ್ದ. ಲೆಕ್ಕ ಒಂದು ದಿನದಂತೆ ಇನ್ನೊಂದು ದಿನ ಬರುತ್ತಿರಲಿಲ್ಲ. ಪ್ರಯೋಗದ ಹೊತ್ತಿನ ಬೆಳಕು ಬೇರೆಬೇರೆಯಾಗಿದ್ದುದೇ ಕಾರಣವೆಂದು ಕಂಡುಕೊಂಡು 1900ರಲ್ಲಿ ಅದನ್ನು ಪ್ರಕಟಿಸಿದ. ಲೆಕ್ಕ ತಪ್ಪಿತೆಂದು ಕಾಗದವನ್ನು ಹರಿದು ಎಸೆಯದ ಹುಡುಗ!

ಲೇಸರ್ ಬೆಳಕು ಇಷ್ಟು ತೀಕ್ಷ್ಣವಾಗಿದ್ದರೂ ಬಣ್ಣ ಅದರಲ್ಲೇ ಸುಟ್ಟುಹೋಗುವುದಿಲ್ಲವೆ ಎಂದು ಮಕ್ಕಳು ಕೇಳಬಹುದು. ಕೋಶವು ಲೇಸರಿನ ಎದುರು ಇರುವುದು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲು. ಮೇಜಿನ ಮೇಲಿನ ದೀಪ ಮಂಕಾದರೂ ಗಂಟೆಗಟ್ಟಲೆ ಉರಿಯುತ್ತದೆ. ನಮ್ಮ ಬಣ್ಣಗಳು ಬಹುಪಾಲು ಕೆಡುವುದು ಯಂತ್ರದಲ್ಲಲ್ಲ, ನಮ್ಮ ಮರೆವಿನಲ್ಲಿ.

ಬಣ್ಣ ಮಾಸಿದರೆ ಹೊಳಪು ಕಡಿಮೆಯಾಗುತ್ತದೆ. ಅದನ್ನು ಅನುಭವಿ ಕಣ್ಣು ಬೇಗ ಗುರುತಿಸುತ್ತದೆ. ನಮಗೆ ಹೆಚ್ಚು ಭಯ ಇನ್ನೊಂದು ಬಗೆಯ ಕೇಡಿನದು. ಒಂದೇ ಪ್ರನಾಳದಲ್ಲಿ ಎಂಟು-ಹತ್ತು ಗುರುತುಗಳನ್ನು ಒಟ್ಟಿಗೆ ನೋಡಬೇಕಾದಾಗ ಅಷ್ಟು ಬಣ್ಣಗಳು ಬೇಕಾಗುತ್ತವೆ. ಅದಕ್ಕಾಗಿ ಜೋಡಿಬಣ್ಣಗಳನ್ನು ಮಾಡಿದ್ದಾರೆ. ಪಿಇಯ ಮೈಗೆ ಸಿವೈ7 ಎಂಬ ಇನ್ನೊಂದು ಬಣ್ಣವನ್ನು ಹೊಲಿದುಬಿಡುವುದು. ಪಿಇ ಹಿಡಿದ ಶಕ್ತಿಯನ್ನು, ಒಬ್ಬರ ತಲೆಯ ಹೊರೆಯನ್ನು ನೆಲಕ್ಕೆ ಇಳಿಸದೆಯೇ ಇನ್ನೊಬ್ಬರು ಹೊತ್ತುಕೊಂಡಂತೆ, ಸಿವೈ7 ಪಡೆಯುತ್ತದೆ. ಅದು ಹೊಳೆಯುವುದು 780 ನ್ಯಾನೋಮೀಟರಿನ ಆಸುಪಾಸಿನಲ್ಲಿ, ನಮ್ಮ ಕಣ್ಣಿಗೆ ಕಾಣುವ ಕೆಂಪಿನ ಅಂಚಿನಲ್ಲಿ. ಈ ಕೊಡುಕೊಳ್ಳುವಿಕೆಯ ಗಣಿತವನ್ನು 1940ರ ದಶಕದಲ್ಲಿ ಥಿಯೋಡರ್ ಫೋರ್ಸ್ಟರ್ ಬರೆದಿಟ್ಟಿದ್ದಾರೆ. ಎರಡು ಬಣ್ಣಗಳ ನಡುವಿನ ದೂರ ಹತ್ತು ನ್ಯಾನೋಮೀಟರು ಮೀರಿದರೆ ಹೊರೆ ದಾಟುವುದಿಲ್ಲ. ಸಮುದ್ರದ ಪಾಚಿ ಪತ್ರಹರಿತ್ತಿನೊಡನೆ ಮಾಡುತ್ತಿದ್ದುದನ್ನೇ ಮನುಷ್ಯರು ಇಲ್ಲಿ ಮತ್ತೆ ಕಟ್ಟಿದ್ದಾರೆ ಎನ್ನಬಹುದು.

ಜೋಡಿಯಲ್ಲಿ ಬೆಳಕಿಗೆ ಬೇಗ ಸೋಲುವುದು ಹೊರೆ ಪಡೆಯುವ ಸಿವೈ7. ಅದು ಮುರಿದರೆ ಪಿಇ ಒಂಟಿಯಾಗುತ್ತದೆ; ತನ್ನ ಹಳೆಯ ಕಿತ್ತಳೆ ಬಣ್ಣದಲ್ಲಿ ಮತ್ತೆ ಹೊಳೆಯತೊಡಗುತ್ತದೆ. ಯಂತ್ರಕ್ಕೆ ಈ ಸಂಸಾರದ ಕಥೆ ತಿಳಿಯದು. ಕಿತ್ತಳೆ ಕಂಡರೆ ಅದು ಪಿಇ ಕಟ್ಟಿದ ಬೇರೊಂದು ಪ್ರತಿಕಾಯವೇ ಎಂದು ಬರೆದುಕೊಳ್ಳುತ್ತದೆ. ಒಂದು ಬಣ್ಣದ ಬೆಳಕು ಇನ್ನೊಂದರ ಕಿಂಡಿಗೆ ಸ್ವಲ್ಪ ಸೋರುವುದು ಯಾವಾಗಲೂ ಇದ್ದದ್ದೇ. ಎಷ್ಟು ಸೋರುತ್ತದೆಂದು ಮೊದಲೇ ಅಳೆದು ಕಳೆಯುತ್ತೇವೆ. ಜೋಡಿ ಮುರಿದ ಮೇಲೆ ಆ ಕಳೆಯುವ ಲೆಕ್ಕವೇ ಸುಳ್ಳಾಗುತ್ತದೆ. ಆಗ ಪ್ರನಾಳದಲ್ಲಿ ಇಲ್ಲದ ಗುರುತು ಪರದೆಯ ಮೇಲೆ ಇದೆಯೆಂದು ಕಾಣುತ್ತದೆ.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತಿದ್ದರೆ ಎಷ್ಟೋ ಚೆನ್ನಾಗಿತ್ತು. ಹಲವು ವರ್ಷಗಳ ಹಿಂದೆ ಆರು ವರ್ಷದ ಹುಡುಗಿಯೊಬ್ಬಳ ಅಸ್ಥಿಮಜ್ಜೆ ನಮ್ಮಲ್ಲಿಗೆ ಬಂತು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿದು ಎಂಟು ತಿಂಗಳಾಗಿತ್ತು. ಜ್ವರ ಬಂದು ರಕ್ತಕಣಗಳ ಎಣಿಕೆ ಇಳಿದುದರಿಂದ, ರೋಗ ಮರಳಿತೆ ಎಂದು ವೈದ್ಯರಿಗೆ ಸಂಶಯ. ಆ ಮಗುವಿನ ರೋಗ ಬಿ ಕೋಶಗಳದ್ದು. ಆ ಕೋಶಗಳಿಗೆಲ್ಲ ಇರುವ ಗುರುತು ಸಿಡಿ19, ಅದಕ್ಕೆ ನಾವು ಕಟ್ಟಿದ್ದು ಪಿಇ-ಸಿವೈ7 ಜೋಡಿಬಣ್ಣ. ಅವಳ ಕ್ಯಾನ್ಸರ್ ಕೋಶಗಳ ಮೇಲಿದ್ದ, ಬಲಿತ ಬಿ ಕೋಶಗಳ ಮೇಲೆ ಇರಬಾರದ ಗುರುತು ಸಿಡಿ10, ಅದಕ್ಕೆ ಕಟ್ಟಿದ್ದು ಪಿಇ. ಪ್ರನಾಳ ಸಿದ್ಧವಾದ ಹೊತ್ತಿಗೆ ಯಂತ್ರದ ಕೊಳವೆಯಲ್ಲಿ ಏನೋ ಸಿಕ್ಕಿಕೊಂಡು ಧಾರೆ ನಿಂತಿತು. ಅದನ್ನು ಸರಿಪಡಿಸುವ ಗಡಿಬಿಡಿಯಲ್ಲಿ ಪ್ರನಾಳಗಳ ಸ್ಟ್ಯಾಂಡ್ ಪಡುವಣ ಕಿಟಕಿಯ ಪಕ್ಕ, ಹಾಳೆ ಸುತ್ತದೆ, ಎರಡು ಗಂಟೆ ಉಳಿಯಿತು. ಸಂಜೆಯ ಬಿಸಿಲು ನೇರ ಅದರ ಮೇಲೆ. ನಾವಿಬ್ಬರೂ ಅಲ್ಲಿಯೇ ಇದ್ದೆವು.

ಪರದೆಯ ಮೇಲೆ ಸಿಡಿ19 ಇದ್ದ ಕೋಶಗಳೆಲ್ಲ ಸಿಡಿ10 ಇರುವಂತೆಯೂ ಕಂಡವು. ವೈದ್ಯರು ಫೋನಿನಲ್ಲಿ ಕೇಳಿದರು; ನಾವು "ಸಂಶಯವಿದೆ, ನಾಳೆ ಖಚಿತ ಹೇಳುತ್ತೇವೆ" ಎಂದೆವು. ಆ ಮೊದಲನೆಯ ಶಬ್ದವನ್ನು ಅವರು ಮಗುವಿನ ತಂದೆತಾಯಿಗೆ ತಿಳಿಸಬೇಕಾಯಿತು. ಊರಿಗೆ ಹೊರಟಿದ್ದವರು ಆಸ್ಪತ್ರೆಯ ಜಗಲಿಯಲ್ಲೇ ಉಳಿದರು.

ರಾತ್ರಿ ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದಾಗ ಒಂದು ವಿಷಯ ಕಾಡಿತು. ರೋಗ ಮರಳಿದ್ದರೆ ಒಳ್ಳೆಯ ಬಿ ಕೋಶಗಳ ಗುಂಪೊಂದು, ಕೆಟ್ಟವುಗಳ ಗುಂಪೊಂದು ಬೇರೆಬೇರೆಯಾಗಿ ಕಾಣಬೇಕಿತ್ತು. ಇಲ್ಲಿ ಒಂದೇ ಗುಂಪು, ಅದೂ ಓರೆಯಾಗಿ ಎಳೆದ ಗೆರೆಯಂತೆ: ಯಾವ ಕೋಶದಲ್ಲಿ ಸಿಡಿ19 ಹೆಚ್ಚೋ ಅದರಲ್ಲಿ ಸಿಡಿ10 ಅದೇ ಅನುಪಾತದಲ್ಲಿ ಹೆಚ್ಚು. ಜೀವಕೋಶಗಳು ಇಷ್ಟು ಶಿಸ್ತಿನಿಂದ ನಡೆಯುವುದಿಲ್ಲ. ಕೂಡಲೇ ಬೇರೊಂದು ಮಾದರಿಗೆ ಸಿಡಿ19ರ ಜೋಡಿಬಣ್ಣ ಒಂದನ್ನೇ ಹಾಕಿ ಎರಡು ಪ್ರನಾಳ ಮಾಡಿದೆವು. ಒಂದನ್ನು ಫ್ರಿಜ್ಜಿನ ಕತ್ತಲಲ್ಲಿ, ಇನ್ನೊಂದನ್ನು ಬೆಳಗಿನ ತನಕ ಟ್ಯೂಬ್‌ಲೈಟಿನ ಕೆಳಗೆ ಇಟ್ಟೆವು. ಬೆಳಿಗ್ಗೆ ಕತ್ತಲಿನದು ಸ್ವಚ್ಛವಾಗಿತ್ತು. ಬೆಳಕಿನದರಲ್ಲಿ, ನಾವು ಹಾಕದೇ ಇದ್ದ ಪಿಇ ಕಾಣುತ್ತಿತ್ತು. ಉಳಿಸಿದ್ದ ಮಜ್ಜೆಗೆ ಹೊಸದಾಗಿ ಬಣ್ಣ ಹಾಕಿ, ಹಾಳೆ ಸುತ್ತಿ, ಸಿದ್ಧವಾದ ಕೂಡಲೇ ಓಡಿಸಿದೆವು. ಬಿ ಕೋಶಗಳ ಗುಂಪು ಸಿಡಿ10ರ ಕಡೆಗೆ ವಾಲದೆ ನೆಟ್ಟಗೆ ನಿಂತಿತ್ತು. ರೋಗ ಮರಳಿರಲಿಲ್ಲ, ಎಣಿಕೆ ಇಳಿದುದು ಜ್ವರದ ಸೋಂಕಿನಿಂದ ಎಂದು ವೈದ್ಯರು ಹೇಳಿದರು.

ತಪ್ಪು ನಮ್ಮದೆಂದು ತಿಳಿಸಲು ನಾವೇ ಜಗಲಿಗೆ ಹೋದೆವು. ಮಗುವಿನ ತಂದೆ ಮಾತಾಡಲಿಲ್ಲ. ತಾಯಿ ನಮ್ಮ ಕಡೆಯವರೇ, ಕನ್ನಡದಲ್ಲಿಯೇ ಕೇಳಿದರು: "ನಿನ್ನೆ ಇದ್ದದ್ದು ಇವತ್ತು ಇಲ್ಲ ಅಂದರೆ ನಾವು ಯಾವುದನ್ನು ನಂಬುವುದು?" ನ್ಯಾಯವಾದ ಪ್ರಶ್ನೆ. ತರಬೇತಿಯಲ್ಲಿ ಇಂಗ್ಲಿಷಿನಲ್ಲಿ ಕಲಿತ ಯಾವ ಶಬ್ದವೂ ಆ ಹೊತ್ತಿಗೆ ಒದಗಲಿಲ್ಲ. ಬೆಳಕಿಗೆ ಇಟ್ಟರೆ ಕೆಡುವ ಬಣ್ಣವೊಂದನ್ನು ಬೆಳಕಿನಲ್ಲಿ ಇಟ್ಟೆವು ಎಂದಷ್ಟೇ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಅರಶಿನದ ಕಲೆ ಬಿಸಿಲಿಗೆ ಹಾಕಿದರೆ ಹೋಗುತ್ತದಲ್ಲ, ಹಾಗೆಯಾ?" ಎಂದರು. ಹೌದಮ್ಮ, ಆದರೆ ಇಲ್ಲಿ ಕಲೆ ಹೋಗುವ ಬದಲು ಬೇರೆ ಬಣ್ಣಕ್ಕೆ ತಿರುಗಿತು, ಅದನ್ನು ನಾವು ರೋಗವೆಂದು ಓದಿದೆವು ಎಂದೆವು. ಅವರಿಗೆ ಅರ್ಥವಾಯಿತು. ಕ್ಷಮಿಸಿದರೋ ಇಲ್ಲವೋ ನಾವು ಕೇಳಲಿಲ್ಲ. ಆ ಒಂದು ರಾತ್ರಿಯನ್ನು ಅವರಿಗೆ ಹಿಂದಕ್ಕೆ ಕೊಡುವ ಉಪಾಯ ನಮ್ಮಲ್ಲಿಲ್ಲ.

ಕೋಣೆಯ ಕತ್ತಲೆಗೆ ಕಾರಣ ಇದು. ಈಗ ಪಡುವಣ ಕಿಟಕಿಗೆ ಪರದೆ ಇದೆ. ಬಣ್ಣದ ಸೀಸೆಗಳು ಗಾಢ ಕಂದು ಗಾಜಿನವು. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ಫ್ರಿಜ್ಜಿನಲ್ಲಿ, ಪೆಟ್ಟಿಗೆಯೊಳಗೆ ಇರುತ್ತವೆ. ಹೆಚ್ಚು ತಣ್ಣಗಿದ್ದರೆ ಹೆಚ್ಚು ಒಳ್ಳೆಯದೆಂದು ಯಾರೋ ಹೊಸಬರು ಒಮ್ಮೆ ಪಿಇಯನ್ನು ಹಿಮಗಟ್ಟಿಸಿದರು; ಆ ಪ್ರೋಟೀನು ಹಿಮವನ್ನೂ ತಾಳದು, ಸೀಸೆ ಪೂರ್ತಿ ಹಾಳಾಯಿತು. ಜೋಡಿಬಣ್ಣಗಳು ಬಿಸಿಯನ್ನೂ, ಕೋಶಗಳನ್ನು ಗಟ್ಟಿಗೊಳಿಸುವ ಫಾರ್ಮಾಲ್ಡಿಹೈಡನ್ನೂ ಹೆಚ್ಚು ಹೊತ್ತು ಸಹಿಸುವುದಿಲ್ಲ. ಜೀವಂತ ಕೋಶಗಳೂ ತಮ್ಮ ಮೈಗೆ ಅಂಟಿದ ಜೋಡಿಯನ್ನು ಬಿಡಿಸಬಲ್ಲವು. ಈಚೆಗೆ ಬೆಳಕನ್ನು ಹೆಚ್ಚು ತಾಳುವ ಹೊಸ ಬಣ್ಣಗಳು ಬಂದಿವೆ, ಬೆಲೆಯೂ ಹೆಚ್ಚು. ಅವನ್ನು ಕೊಂಡ ಮೇಲೆಯೂ ನಾವು ಹಾಳೆ ಸುತ್ತುವುದನ್ನು ಬಿಟ್ಟಿಲ್ಲ. ಜೋಡಿಬಣ್ಣ ಒಂದನ್ನೇ ಹಾಕಿದ ಪ್ರನಾಳವೊಂದನ್ನು ಪ್ರತಿದಿನವೂ ಮೊದಲು ಓಡಿಸಿ ನೋಡುತ್ತೇವೆ. ಅದಕ್ಕೆ ಕಾಲು ಗಂಟೆ ಬೇಕು. ಆ ಕಾಲು ಗಂಟೆ ದಂಡವೆಂದು ಹೇಳುವವರಿಗೆ ಜಗಲಿಯ ಕಥೆಯನ್ನು ಹೇಳುತ್ತೇವೆ.

ಸಂಶಯ ಪೂರ್ತಿ ಬಗೆಹರಿಯುವ ಮೊದಲು ಫೋನಿನಲ್ಲಿ ಏನು ಹೇಳಬೇಕು ಎಂಬ ಪ್ರಶ್ನೆಗೆ ಮಾತ್ರ ನಮ್ಮಿಬ್ಬರಲ್ಲಿ ಇಂದಿಗೂ ಒಮ್ಮತವಿಲ್ಲ. ವೈದ್ಯರಿಂದ ಏನನ್ನೂ ಮುಚ್ಚಿಡಬಾರದು ಎಂದು ಒಬ್ಬರ ಮತ. ತಾಳೆ ನೋಡದ ಚಿತ್ರವನ್ನು ಫಲಿತಾಂಶವೆಂದು ಕರೆಯಲೇಬಾರದು ಎಂದು ಇನ್ನೊಬ್ಬರದು. ಇಲ್ಲಿರುವ ಹಿರಿಯರು ಊಟದ ಹೊತ್ತಿಗೆ ತಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರವಾದೀತು.

ಮಕ್ಕಳೇ, ನಿಮಗಾಗಿ ಒಂದು ಸಣ್ಣ ಪ್ರಯೋಗವನ್ನು ಮೊನ್ನೆಯೇ ಹೂಡಿದ್ದೇವೆ. ವಿಜ್ಞಾನದ ಅಧ್ಯಾಪಕರ ಸಹಾಯದಿಂದ ಒಂದು ತುಂಡು ಬಿಳಿ ಮುಂಡನ್ನು ಅರಶಿನದ ನೀರಿನಲ್ಲಿ ಅದ್ದಿ ಒಣಗಿಸಿ, ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ, ಬಾವಿಕಟ್ಟೆಯ ಪಕ್ಕದ ಗೋಡೆಗೆ ಬಿಸಿಲಿಗೆ ಹಚ್ಚಿದೆ. ಅದೇ ನೀರಿನಲ್ಲಿ ಅದ್ದಿದ ಇನ್ನೊಂದು ತುಂಡು ಪ್ರಯೋಗಾಲಯದ ಕಪಾಟಿನ ಕತ್ತಲಲ್ಲಿದೆ. ಎರಡು ದಿನವೂ ಮಳೆ ಬಾರದೆ ನಮ್ಮ ಮಾನ ಉಳಿಯಿತು. ಈ ಮಾತು ಮುಗಿದ ಕೂಡಲೇ, ಅಧ್ಯಕ್ಷರ ಅನುಮತಿ ಪಡೆದು, ಏಳನೆಯ ತರಗತಿಯ ಮಕ್ಕಳು ಆ ಕಪ್ಪು ಕಾಗದವನ್ನು ತೆಗೆಯಲಿ. ನಾವೂ ಇನ್ನೂ ನೋಡಿಲ್ಲ.